ಆಫೀಸಿಗೆಲ್ಲ ಒಂದೇ ಕಾಯಿಲೆ

ಕಳೆದ ವಾರ ಕೆಮ್ಮಿಗೆ ಸಿರಪ್ ತರೋಣವೆಂದು ಶಿಕಾಗೋ ಬಳಿಯ ಪ್ಲೇನ್‌ಫೀಲ್ಡಿನ ನಮ್ಮ ಮನೆ ಹತ್ತಿರದ ಔಷಧದ ಅಂಗಡಿಗೆ ಹೋಗಿದ್ದೆ. ಸಿರಪ್ಪಿನ ಸಾಲು ದಾಟಿ ತಿರುಗಿದರೆ, ವಿಟಮಿನ್ ಡಬ್ಬಿಗಳ ಪಕ್ಕದಲ್ಲಿ, ಯಾರು ಬೇಕಾದರೂ ಎತ್ತಿಕೊಳ್ಳುವ ಹಾಗೆ ಗರ್ಭನಿರೋಧಕ ಮಾತ್ರೆಯ ಪೊಟ್ಟಣಗಳನ್ನು ಜೋಡಿಸಿಟ್ಟಿದ್ದರು. ಡಾಕ್ಟರ ಚೀಟಿ ಬೇಡ, ಯಾರ ಸಹಿಯೂ ಬೇಡ, ಟೂತ್‌ಪೇಸ್ಟ್ ಕೊಂಡ ಹಾಗೆ ಕೊಂಡು ಹೋಗಬಹುದು. ನನಗೀಗ ಐವತ್ತೆರಡು ವರ್ಷ. ಆ ಪೊಟ್ಟಣದಿಂದ ನನಗೆ ಆಗಬೇಕಾದ್ದು ಏನೂ ಉಳಿದಿಲ್ಲ. ಆದರೂ ಒಂದನ್ನು ಕೈಗೆತ್ತಿಕೊಂಡು, ಬದನೆಕಾಯಿ ಆರಿಸುವವರ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡುತ್ತ ನಿಂತುಬಿಟ್ಟೆ. ತಲೆ ಎತ್ತಿದರೆ ಎದುರಿಗೆ ನಮ್ಮ ಬಡಾವಣೆಯ ರಾಮಸ್ವಾಮಿ ಅಂಕಲ್. ಬಿ.ಪಿ. ಮಾತ್ರೆಗೆ ಬಂದಿದ್ದರು. ನನ್ನ ಮುಖ ನೋಡಿದರು, ಕೈ ನೋಡಿದರು, ತಟ್ಟನೆ ತಿರುಗಿ ಗ್ರೀಟಿಂಗ್ ಕಾರ್ಡುಗಳ ಸ್ಟ್ಯಾಂಡಿಗೆ ಹೋಗಿ ಬಹಳ ಆಸಕ್ತಿಯಿಂದ ಒಂದು ಕಾರ್ಡು ಓದತೊಡಗಿದರು. ಅದು ಮಗು ಹುಟ್ಟಿದ್ದಕ್ಕೆ ಶುಭಾಶಯ ಹೇಳುವ ಕಾರ್ಡು ಎಂಬುದು ನನಗೆ ಅಷ್ಟು ದೂರದಿಂದಲೂ ಕಾಣುತ್ತಿತ್ತು.

ಪಾಪ, ಅಂಕಲ್ಲಿಗೇನು ಗೊತ್ತು. ಇದೇ ಮಾತ್ರೆಯ ದೆಸೆಯಿಂದ ನಾನು ಒಂದು ಕಾಲದಲ್ಲಿ ಅಮೆರಿಕದ ಟಿವಿಯಲ್ಲಿ ಕಾಣಿಸಿಕೊಂಡವಳು. ಎಂಟು ಸೆಕೆಂಡು. ಆ ಎಂಟು ಸೆಕೆಂಡಿನ ಕಥೆಯನ್ನು ನಾನು ಎಷ್ಟು ಪಾರ್ಟಿಗಳಲ್ಲಿ ಹೇಳಿದ್ದೇನೆಂದರೆ, ನನ್ನ ಗಂಡ ಅದು ಶುರುವಾದ ಕೂಡಲೇ ಎದ್ದು ಕಾಫಿ ತರಲು ಹೋಗುತ್ತಾರೆ. ನಿಮಗೆ ಮಾತ್ರ ಪಾರ್ಟಿಯಲ್ಲಿ ಹೇಳದ ಭಾಗವನ್ನೂ ಸೇರಿಸಿ ಹೇಳುತ್ತೇನೆ.

ಅದು ರಿಸೆಷನ್ನಿನ ಕಾಲ. ರಿಸೆಷನ್ ಅಂದರೆ, ಕನ್ನಡ ಸಂಘದ ಊಟದ ಸಾಲಿನಲ್ಲಿ ಯಾರೂ ಯಾರನ್ನೂ ‘ಕೆಲಸ ಹೇಗಿದೆ?’ ಎಂದು ಕೇಳದಿದ್ದ ಕಾಲ. ಕೇಳಿದವನಿಗೆ ಕೆಲಸವಿದೆ, ಕೇಳಿಸಿಕೊಂಡವನಿಗೆ ಇಲ್ಲ ಎಂದು ಸಾಲಿನಲ್ಲಿದ್ದವರಿಗೆಲ್ಲ ಗೊತ್ತಾಗಿಬಿಡುತ್ತಿತ್ತು. ನಾವಿದ್ದದ್ದು ಡೆಟ್ರಾಯ್ಟಿನ ಪಕ್ಕದ ನೋವೈ ಎಂಬ ಊರಿನಲ್ಲಿ. ನನ್ನ ಗಂಡ ಕಾರಿನ ಸೀಟುಗಳಿಗೆ ಕಂಬಿ ಡಿಸೈನ್ ಮಾಡುವ ಕಂಪನಿಯಲ್ಲಿದ್ದರು. ಕಾರುಗಳೇ ನಿಂತ ಮೇಲೆ ಸೀಟು ಯಾರಿಗೆ ಬೇಕು? ಒಂದು ಸೋಮವಾರ ಅವರು ಹೋದಷ್ಟೇ ಬೇಗ ಮನೆಗೆ ವಾಪಸಾದರು. ಅಂದಿನಿಂದ ನಾವು ನಮ್ಮೂರಿನ ಹೆಸರನ್ನು ಕನ್ನಡದಲ್ಲೇ ಓದುತ್ತಿದ್ದೆವು, ನೋವು ಎಂದು.

ನಾನು ಮೈಸೂರಿನ ಬಿ.ಕಾಂ. ಸಿಕ್ಕಸಿಕ್ಕಲ್ಲಿಗೆ ಅರ್ಜಿ ಹಾಕಿದೆ. ಕರೆ ಬಂದದ್ದು ಒಂದೇ ಕಡೆಯಿಂದ. ಶಿಕಾಗೋ ಹೊರವಲಯದ ಲಿಸ್ಲ್ ಬಳಿ ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುವ ಒಂದು ವೃದ್ಧಾಶ್ರಮ, ಅಲ್ಲಿನ ಆಫೀಸಿನಲ್ಲಿ ನೌಕರರ ರಜೆ, ವಿಮೆ ನೋಡಿಕೊಳ್ಳುವ ಕೆಲಸ. ನೋವೈನ ಮನೆ ಮಾರಾಟವಾಗಲಿಲ್ಲ. ಗಂಡನಿಗೆ ಅಲ್ಲೇ ಚೂರುಪಾರು ಕಾಂಟ್ರ್ಯಾಕ್ಟ್ ಕೆಲಸ ಸಿಕ್ಕಿತು, ವಿಮೆ ಗಿಮೆ ಏನೂ ಇಲ್ಲದ್ದು. ನಾನು ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಲಿಸ್ಲ್‌ನಲ್ಲಿ ಎರಡು ಕೋಣೆಯ ಅಪಾರ್ಟ್‌ಮೆಂಟ್ ಹಿಡಿದೆ. ಅವರು ಪ್ರತಿ ಶನಿವಾರ ಬೆಳಿಗ್ಗೆ ಇನ್ನೂರೆಪ್ಪತ್ತು ಮೈಲಿ ಡ್ರೈವ್ ಮಾಡಿಕೊಂಡು ಬಂದು ಭಾನುವಾರ ಮಧ್ಯಾಹ್ನ ಸಾರನ್ನ ಉಂಡು ಹೋಗುತ್ತಿದ್ದರು. ಮದುವೆಯಾಗಿ ಹನ್ನೆರಡು ವರ್ಷದ ಮೇಲೆ ಗಂಡನಿಗಾಗಿ ವಾರವಿಡೀ ಕಾಯುವ ಯೋಗ ಬಂದಿತ್ತು. ಅದರ ಪರಿಣಾಮಗಳ ಬಗ್ಗೆ ನಾವಿಬ್ಬರೂ ಎಚ್ಚರವಾಗಿರಬೇಕಿತ್ತು, ಏಕೆಂದರೆ ಆ ದಿನಗಳಲ್ಲಿ ಇನ್ನೊಂದು ಮಗುವೆಂದರೆ ಅದಕ್ಕೆ ನಾಮಕರಣ ಮಾಡಲು ಯಾವ ಊರಿಗೆ ಹೋಗಬೇಕೆಂಬುದೇ ನಮಗೆ ಗೊತ್ತಿರಲಿಲ್ಲ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಸಿಸ್ಟರ್ ರೋಸ್ಮೇರಿ. ವೃದ್ಧಾಶ್ರಮದ ಯಜಮಾನಿಕೆ ಅವರದೇ. ಅರವತ್ತೈದರ ಆಸುಪಾಸು, ತಲೆಗೆ ಗಿಡ್ಡ ಬಿಳಿ ವಸ್ತ್ರ, ಕಾಲಿಗೆ ಓಟದ ಬೂಟು, ಕೈಗೆ ಅವರಪ್ಪನ ಗಡಿಯಾರ. ಇಂಟರ್‌ವ್ಯೂನಲ್ಲಿ ನನ್ನ ಅರ್ಜಿಯನ್ನು ಪಕ್ಕಕ್ಕಿಟ್ಟು ಕೇಳಿದರು:

“ನೀನು ಕ್ಯಾಥೊಲಿಕ್ಕಾ?”

“ಅಲ್ಲ ಸಿಸ್ಟರ್, ಹಿಂದೂ.”

“ಒಳ್ಳೇದಾಯ್ತು. ಪೋಪ್ ವಿಷಯಕ್ಕೆ ಜಗಳ ಆಡೋರು ಈ ಆಫೀಸಲ್ಲಿ ಈಗಾಗ್ಲೇ ನಾಲ್ಕು ಜನ ಇದಾರೆ. ಎಕ್ಸೆಲ್ ಬರತ್ತಾ?”

ಡೆಟ್ರಾಯ್ಟ್ ಕಡೆಯಿಂದ ಬಂದವಳೆಂದು ತಿಳಿದಾಗ ಅವರ ಮುಖ ಅರಳಿತು. ಅವರು ಹುಟ್ಟಿದ್ದೇ ಅಲ್ಲಿ. ತಂದೆ ಕಾರ್ಖಾನೆಯಲ್ಲಿ ಕಾರಿಗೆ ಬಾಗಿಲು ಜೋಡಿಸುತ್ತಿದ್ದವರಂತೆ. ಗಂಡನ ಕೆಲಸ ಹೋದದ್ದನ್ನು ನಾನು ಸುತ್ತಿಬಳಸಿ ಹೇಳುತ್ತಿದ್ದರೆ ಅರ್ಧಕ್ಕೇ ತಡೆದು, “ನಮ್ಮಪ್ಪನ್ನ ಮೂರು ಸಲ ಮನೆಗೆ ಕಳಿಸಿದ್ರು. ನಾಚ್ಕೊಳ್ಳೋ ವಿಷಯ ಅಲ್ಲ ಅದು. ಸೋಮವಾರ ಬಾ,” ಎಂದರು.

ವಿಮೆಯ ವಿಷಯಕ್ಕೆ ಬರೋಣ. ನಮ್ಮ ವೃದ್ಧಾಶ್ರಮದ ವಿಮೆ ಬಿಷಪ್ಪರ ಆಫೀಸಿನ ಮೂಲಕ ಬರುತ್ತಿತ್ತು. ಅದರ ಪುಸ್ತಿಕೆಯಲ್ಲಿ ಗರ್ಭನಿರೋಧಕಕ್ಕೆ ವಿಮೆ ಇಲ್ಲವೆಂದು ಬರೆದಿತ್ತು. ಮಕ್ಕಳಾಗದಂತೆ ತಡೆಯುವುದು ಅವರ ಧರ್ಮಕ್ಕೆ ಒಪ್ಪಿಗೆಯಿಲ್ಲ. ಆದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಅದೇ ಮಾತ್ರೆಯನ್ನು ಬೇರೆ ಕಾಯಿಲೆಗೆ ಡಾಕ್ಟರು ಬರೆದುಕೊಟ್ಟರೆ ವಿಮೆ ಉಂಟು. ಮುಟ್ಟಿನ ಏರುಪೇರು ಅಂಥ ಕಾಯಿಲೆಗಳಲ್ಲಿ ಒಂದು. ಡಾಕ್ಟರ ಚೀಟಿಯನ್ನು ನಾನು ಫೈಲ್ ಮಾಡಬೇಕು, ಸಿಸ್ಟರ್ ಸಹಿ ಹಾಕಬೇಕು.

ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ನನಗೆ ವಿಷಯ ಅರ್ಥವಾಯಿತು. ಅಡುಗೆಮನೆ, ಲಾಂಡ್ರಿ, ನರ್ಸಿಂಗ್, ಆಫೀಸು, ಎಲ್ಲ ಕಡೆಯ ಹೆಂಗಸರಿಗೂ ಮುಟ್ಟು ಏರುಪೇರು. ಒಬ್ಬಳಿಗೂ ತಿಂಗಳು ಸರಿಯಾಗಿ ತುಂಬುತ್ತಿರಲಿಲ್ಲ. ಚೀಟಿಗಳ ಕಂತೆಯನ್ನು ಒಯ್ದು ಮೇಜಿನ ಮೇಲಿಟ್ಟಾಗ ಸಿಸ್ಟರ್ ಕನ್ನಡಕ ಏರಿಸಿ ಒಂದೊಂದಕ್ಕೇ ಸಹಿ ಹಾಕುತ್ತ, “ಈ ಕಟ್ಟಡದ ನೀರಲ್ಲೇ ಏನೋ ದೋಷ ಇರಬೇಕು,” ಎಂದರು. ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಎರಡನೆಯ ತಿಂಗಳು ನಾನೂ ಆ ನೀರು ಕುಡಿದವಳಾದ್ದರಿಂದ ನನ್ನದೂ ಒಂದು ಚೀಟಿ ಆ ಕಂತೆಯಲ್ಲಿತ್ತು. ಸಿಸ್ಟರ್ ಅದನ್ನು ಓದಿ, “ಡೆಟ್ರಾಯ್ಟಿಂದ ಶನಿವಾರ ಬರೋರು ಕ್ಷೇಮವಾ?” ಎಂದು ಕೇಳಿ ಸಹಿ ಹಾಕಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಇದೊಂದು ಕಪಟ ಎಂದು ನೀವು ಹೇಳಬಹುದು. ಇರಬಹುದು. ಸಿಸ್ಟರ್ ತಮ್ಮ ವ್ರತ ಬಿಟ್ಟಿರಲಿಲ್ಲ, ನಾವು ನಮ್ಮ ಸಂಸಾರ ಬಿಟ್ಟಿರಲಿಲ್ಲ, ನಡುವೆ ಡಾಕ್ಟರ ಕೆಟ್ಟ ಕೈಬರಹ ಒಂದು ಸೇತುವೆಯ ಹಾಗೆ ಇತ್ತು. ಅತ್ತೆಗೆ ಕಾಣದ ಹಾಗೆ ಈರುಳ್ಳಿ ಬೇಯಿಸುವ ಸೊಸೆ, ವಾಸನೆ ಬಂದರೂ ಬಾರದ ಹಾಗಿರುವ ಅತ್ತೆ, ಇಂಥ ಮನೆಗಳು ನಮಗೆ ಹೊಸತೇನಲ್ಲ.

ಒಂದು ಚಳಿಗಾಲದಲ್ಲಿ ಸರ್ಕಾರ ಹೊಸ ನಿಯಮ ತರುತ್ತೇವೆಂದು ಹೇಳಿತು: ಧಾರ್ಮಿಕ ಸಂಸ್ಥೆಗಳು ನಡೆಸುವ ಆಸ್ಪತ್ರೆ, ಕಾಲೇಜು, ವೃದ್ಧಾಶ್ರಮಗಳೂ ತಮ್ಮ ನೌಕರರ ವಿಮೆಯಲ್ಲಿ ಗರ್ಭನಿರೋಧಕ ಕೊಡಬೇಕು. ಟಿವಿಗೆ ಹಬ್ಬ. ಯಾವ ಚಾನೆಲ್ ಹಾಕಿದರೂ ಪರದೆಯ ಒಂದು ಪಕ್ಕ ಶಿಲುಬೆ, ಇನ್ನೊಂದು ಪಕ್ಕ ಮಾತ್ರೆಯ ಪಟ್ಟಿ, ನಡುವೆ ಮಿಂಚು. ಒಂದು ಚಾನೆಲ್ಲಿನಲ್ಲಿ ಅದು ‘ಧರ್ಮದ ಮೇಲೆ ದಾಳಿ’, ಇನ್ನೊಂದರಲ್ಲಿ ‘ಹೆಂಗಸರ ಮೇಲೆ ದಾಳಿ’. ಚರ್ಚೆಗೆ ಕೂತವರು ಮಾತ್ರ ಎರಡೂ ಕಡೆ ಐದೈದು ಗಂಡಸರು. ನನ್ನ ಮಗಳು ಹೋಮ್‌ವರ್ಕಿನಿಂದ ತಲೆ ಎತ್ತಿ, “Amma, are they all having the pills?” ಎಂದು ಕೇಳಿದಳು. ನಾನು ಟಿವಿ ಆಫ್ ಮಾಡಿದೆ.

ಒಂದು ಗುರುವಾರ ನಮ್ಮಲ್ಲಿಗೂ ಒಬ್ಬಳು ವರದಿಗಾರ್ತಿ ಕ್ಯಾಮೆರಾದವನ ಜೊತೆ ಬಂದಳು. ನೌಕರರ ಮಾತು ಬೇಕಂತೆ. ಬೇರೆ ಯಾರೂ ಒಪ್ಪಲಿಲ್ಲ. ಸಿಸ್ಟರ್ ನನ್ನನ್ನು ಕರೆದು, “ಬೇಕಿದ್ರೆ ಮಾತಾಡು, ಬೇಡದಿದ್ರೆ ಬಿಡು. ಮಾತಾಡಿದ್ರೆ ನಿಜ ಹೇಳು. ಸ್ವಲ್ಪ ಸಾಕು,” ಎಂದರು. ಸ್ವಲ್ಪ ಎಂಬ ಪದದ ಅರ್ಥ ನನಗೆ ಈ ಜನ್ಮದಲ್ಲಿ ತಿಳಿಯಲಿಲ್ಲ.

ನಲವತ್ತು ನಿಮಿಷ ಮಾತಾಡಿದೆ. ಬಹಳ ಚೆನ್ನಾಗಿಯೇ ಮಾತಾಡಿದೆನೆಂದು ಈಗಲೂ ನನ್ನ ನಂಬಿಕೆ. ಸಿಸ್ಟರ ನಂಬಿಕೆಯನ್ನು ನಾನು ಗೌರವಿಸುತ್ತೇನೆ, ಆದರೆ ನನ್ನ ಮೈ ನನ್ನದು ಎಂದೆ. ಇಲ್ಲಿ ಮಾತ್ರೆ ನುಂಗುವವರಲ್ಲಿ ಹೆಚ್ಚಿನವರು ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು, ಹಾಗಾಗಿ ಇದು ಧರ್ಮ ಇದ್ದವರಿಗೂ ಇಲ್ಲದವರಿಗೂ ನಡೆಯುವ ಜಗಳ ಅಲ್ಲ ಎಂದೆ. ವರದಿಗಾರ್ತಿ ತಲೆದೂಗುತ್ತಿದ್ದಳು. ಅವಳು ಅಷ್ಟು ಚೆನ್ನಾಗಿ ತಲೆದೂಗದೆ ಇದ್ದಿದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆನೋ ಏನೋ. “ಹಾಗಾದ್ರೆ ಈಗ ಏನು ಮಾಡ್ತೀರಿ?” ಎಂದು ಕೇಳಿದಳು. ನಾನು ನಕ್ಕು ಹೇಳಿದೆ: “ಈಗೇನು, ಇಲ್ಲಿ ನಮಗೆಲ್ಲರಿಗೂ ಮುಟ್ಟು ಏರುಪೇರು. ಎಲ್ಲರಿಗೂ. ಡಾಕ್ಟರು ಹಾಗೇ ಬರ್ಕೊಡ್ತಾರೆ.”

ನಲವತ್ತು ನಿಮಿಷದಲ್ಲಿ ಪ್ರಸಾರವಾದದ್ದು ಅದೊಂದೇ. ನಾನು ಹಲ್ಲು ಕಿರಿದು ಆ ಮಾತು ಹೇಳುತ್ತೇನೆ, ಮರುಕ್ಷಣ ಸಿಸ್ಟರ್ ರೋಸ್ಮೇರಿ ಉದ್ದನೆಯ ಕಾರಿಡಾರಿನಲ್ಲಿ ಬೆನ್ನು ತಿರುಗಿಸಿ ನಿಧಾನವಾಗಿ ನಡೆದು ಹೋಗುತ್ತಾರೆ. ಅಷ್ಟು ನಿಧಾನಕ್ಕೆ ಅವರು ನಡೆದದ್ದನ್ನು ಯಾರೂ ನೋಡಿರಲಿಲ್ಲ, ಅದು ಕ್ಯಾಮೆರಾದ ಕೈವಾಡ. ಕೆಳಗೆ ಅಕ್ಷರ: ಮಾತ್ರೆಗಾಗಿ ಸುಳ್ಳು ಹೇಳಬೇಕಾದ ಮಹಿಳೆಯರು. ಮರುದಿನ ಇನ್ನೊಂದು ಚಾನೆಲ್ ಅದೇ ಎಂಟು ಸೆಕೆಂಡನ್ನು ಎತ್ತಿಕೊಂಡು ಕೆಳಗೆ ಬೇರೆ ಅಕ್ಷರ ಹಾಕಿತು: ಚರ್ಚಿಗೆ ಮೋಸ ಮಾಡುವ ನೌಕರರು. ಒಂದರಲ್ಲಿ ನಾನು ಅಬಲೆ, ಇನ್ನೊಂದರಲ್ಲಿ ಕಳ್ಳಿ. ಹಲ್ಲು ಮಾತ್ರ ಎರಡರಲ್ಲೂ ಅದೇ.

ಫೋನಿನ ಸುರಿಮಳೆ. ಮೊದಲು ನನ್ನ ಗಂಡ. “ಏನೇ, ನಮ್ಮ ಶನಿವಾರದ ವಿಷ್ಯ ನ್ಯಾಷನಲ್ ಇಶ್ಯೂ ಆಯ್ತಲ್ಲೇ?” ಎಂದರು. ಆಮೇಲೆ ನೇಪರ್‌ವಿಲ್ಲಿನ ನಮ್ಮ ಪರಿಚಯದ, ಧಾರವಾಡ ಕಡೆಯ ಶಾಂತಾ ಆಂಟಿ: “ಏನವಾ, ನಿನ್ನ ಟಿವ್ಯಾಗ ನೋಡಿದ್ವಿ. ಸೀರಿ ಉಟ್ಕೊಂಡಿದ್ರ ಛಲೋ ಕಾಣ್ತಿದ್ದಿ. ಅಲ್ಲಾ, ಮುಟ್ಟು ಏರುಪೇರಾಗ್ತದಂದ್ರ ಮೆಂತ್ಯಾ ನೆನಸಿ ಕುಡೀಬೇಕವಾ, ಟಿವಿಗ್ಯಾಕ ಹೇಳೂದು?” ಮುಂದಿನ ಭಾನುವಾರ ಲೆಮಾಂಟಿನ ದೇವಸ್ಥಾನಕ್ಕೆ ಹೋದರೆ ಚಪ್ಪಲಿ ಬಿಡುವಲ್ಲಿ ನಾಲ್ಕು ಜನ ಹೆಂಗಸರು ಸುತ್ತುವರಿದು, ನನಗೆ ಮೆಂತ್ಯ, ಎಳ್ಳು, ಅಶೋಕದ ಚಕ್ಕೆ, ಯೋಗಾಸನ ಎಲ್ಲವನ್ನೂ ಹೇಳಿಕೊಟ್ಟರು. ಪಾರ್ಟಿಯಲ್ಲಿ ನನ್ನ ಕಥೆ ಇಲ್ಲಿಗೆ ಮುಗಿಯುತ್ತದೆ. ಎಲ್ಲರೂ ನಗುತ್ತಾರೆ, ಹೋಳಿಗೆ ಬರುತ್ತದೆ.

ಹತ್ತು ದಿನದ ಮೇಲೆ ಬಿಷಪ್ಪರ ಆಫೀಸಿನಿಂದ ಕಾಗದ ಬಂತು. ಇದುವರೆಗೆ ಒಪ್ಪಿಗೆಯಾದ ಚೀಟಿಗಳೆಲ್ಲ ರದ್ದು. ಇನ್ನು ಮುಂದೆ ಮಾಮೂಲಿ ಡಾಕ್ಟರ ಚೀಟಿ ಸಾಲದು, ಸ್ಪೆಷಲಿಸ್ಟರೇ ಪರೀಕ್ಷೆ ಮಾಡಿ ರಿಪೋರ್ಟು ಲಗತ್ತಿಸಬೇಕು. ಕಾಗದ ಓದಿದ ಸಿಸ್ಟರ್ ಅದನ್ನು ಮಡಚಿ ನನ್ನ ಕೈಗಿಟ್ಟರು. ಬೈಯಲಿಲ್ಲ. “ಸೇತುವೆ ಮೇಲೆ ನಿಂತು ಕೂಗಬಾರದು,” ಎಂದಷ್ಟೇ ಹೇಳಿ, ಊಟದ ಮನೆಯಲ್ಲಿ ಯಾರೋ ಅಜ್ಜಿ ಕರೆಯುತ್ತಿದ್ದಾರೆಂದು ಹೋದರು. ಅವತ್ತು ನಾನು ತಂದಿದ್ದ ಚಿತ್ರಾನ್ನ ಡಬ್ಬಿಯಲ್ಲೇ ಉಳಿಯಿತು.

ನಮ್ಮಲ್ಲಿ ಹೆಚ್ಚಿನವರಿಗೆ ಇದು ಕೈಯಿಂದ ದುಡ್ಡು ಕೊಟ್ಟು ಮಾತ್ರೆ ಕೊಳ್ಳುವ ತೊಂದರೆ ಅಷ್ಟೆ. ಗೊಣಗಿದರು, ನನ್ನನ್ನು ಕಂಡರೆ ಮುಖ ತಿರುಗಿಸಿದರು. ಮರೀಸಾಳದು ಬೇರೆ. ಮರೀಸಾ ಅಡುಗೆಮನೆಯಲ್ಲಿದ್ದಳು, ಇಪ್ಪತ್ತಾರು ವರ್ಷ, ಜೋಲಿಯೆಟ್‌ನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಕುತ್ತಿಗೆಯಲ್ಲಿ ಸಣ್ಣ ಶಿಲುಬೆ. ಮದುವೆಯಾಗಿರಲಿಲ್ಲ. ಆ ಕಂತೆಯಲ್ಲಿ ನಿಜವಾದ ಚೀಟಿ ಇದ್ದದ್ದು ಅವಳದೊಂದೇ ಇರಬೇಕು. ಅಂಡಾಶಯದಲ್ಲಿ ಗಡ್ಡೆಗಳಾಗುತ್ತಿದ್ದವು. ಒಂದು ಸಲ ಆಪರೇಷನ್ ಆಗಿತ್ತು, ಮತ್ತೆ ಬಾರದಿರಲಿ ಎಂದು ಡಾಕ್ಟರು ಆ ಮಾತ್ರೆ ಬರೆದಿದ್ದರು. ಅವಳಿಗೆ ಬೇಕಾಗಿದ್ದ ಬ್ರ್ಯಾಂಡು ದುಬಾರಿ. ರದ್ದಾದ ಮೇಲೆ ಅವಳು ಮಾತ್ರೆ ನಿಲ್ಲಿಸಿಬಿಟ್ಟಳು, ಯಾರಿಗೂ ಹೇಳಲಿಲ್ಲ. ಮೂರು ವಾರದ ನಂತರ ಒಂದು ಬೆಳಿಗ್ಗೆ ಅಡುಗೆಮನೆಯ ನೆಲದ ಮೇಲೆ, ಆಲೂಗಡ್ಡೆಯ ಬುಟ್ಟಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು ಕೂತಿದ್ದಳು.

ನಾನು ಅವಳ ಪಕ್ಕದಲ್ಲಿ ಕೂತೆ.

“ನನ್ನಿಂದ ಆಯ್ತು ಮರೀಸಾ. ನಾನು ಟಿವಿಯಲ್ಲಿ ಹಾಗೆ ನಗಬಾರದಿತ್ತು.”

“ನೋಡ್ದೆ,” ಎಂದಳು ಅವಳು. ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದು, “ಎಲ್ಲರಿಗೂ ಅಂದ್ರಿ ನೀವು. ನಮ್ಮಮ್ಮನೂ ನೋಡಿದ್ಲು. ಈಗ ನನ್ನ ಗಡ್ಡೆನೂ ಸುಳ್ಳಾ ಅಂತ ಕೇಳ್ತಾಳೆ,” ಎಂದಳು.

ಎಲ್ಲರಿಗೂ ಎಂದು ಎರಡು ಸಲ ಹೇಳಿದ್ದೆ. ನಗು ಬರಲಿ ಎಂದು ಹೇಳಿದ್ದೆ. ಟಿವಿಯವರು ನಲವತ್ತು ನಿಮಿಷವನ್ನು ಎಂಟು ಸೆಕೆಂಡು ಮಾಡಿದರು ಎಂದು ನಾನು ಊರಿಗೆಲ್ಲ ದೂರುತ್ತಿದ್ದೆನಲ್ಲ, ಅದಕ್ಕೂ ಮೊದಲು ನಾನೇ ಐವತ್ತು ಹೆಂಗಸರನ್ನು ಒಂದು ಹಾಸ್ಯದ ಮಾತಾಗಿ ಕತ್ತರಿಸಿ ಅವರ ಕೈಗೆ ಕೊಟ್ಟಿದ್ದೆ.

ಆಮೇಲೆ ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ, ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಚಾನೆಲ್ಲಿಗೆ ಮೂರು ಇಮೇಲ್ ಬರೆದೆ, ಪೂರ್ತಿ ಮಾತನ್ನು ಹಾಕಿ ಎಂದು. ಸುದ್ದಿ ಈಗ ಮುಂದೆ ಹೋಗಿದೆ ಎಂದು ಒಂದು ಸಾಲಿನ ಉತ್ತರ ಬಂತು. ಬಿಷಪ್ಪರ ಆಫೀಸಿಗೆ ಫೋನು ಮಾಡಿ ಮಾಡಿ ಅಲ್ಲಿನ ಗುಮಾಸ್ತೆಯ ಮೊಮ್ಮಕ್ಕಳ ಹೆಸರು ಬಾಯಿಪಾಠವಾಯಿತು. ಮರೀಸಾಳ ಹಳೆಯ ಆಪರೇಷನ್ನಿನ ಕಾಗದಗಳನ್ನು ಹುಡುಕಿಸಿ ತರಿಸಿ ಅರ್ಜಿಗೆ ಲಗತ್ತಿಸಿದೆ. ಸ್ಪೆಷಲಿಸ್ಟರ ರಿಪೋರ್ಟ್ ಒಂದು ಬಾಕಿ ಇತ್ತು. ಅಪಾಯಿಂಟ್‌ಮೆಂಟು ಎರಡು ತಿಂಗಳ ನಂತರವೇ ಎಂದಿದ್ದರು. ಬೇಗ ನೋಡಿ ಎಂದು ಅಲ್ಲಿಗೂ ದಿನಾ ಫೋನು ಮಾಡಿದೆ. ಒಂದು ದಿನ ಇದ್ದಕ್ಕಿದ್ದಂತೆ ಆ ರಿಪೋರ್ಟು ಫ್ಯಾಕ್ಸಿನಲ್ಲಿ ಬಂತು. ಸಿಸ್ಟರ್ ಸಹಿ ಹಾಕಿದರು, ಒಪ್ಪಿಗೆಯಾಯಿತು. ನನ್ನ ಫೋನುಗಳಿಗೆ ಹೆದರಿಯೇ ಮರೀಸಾಳನ್ನು ಅಷ್ಟು ಬೇಗ ನೋಡಿದರೆಂದು ನಾನು ಒಳಗೊಳಗೇ ಬೀಗಿದೆ. ಕೊನೆಗೆ ವಿಮೆ ಕಂಪನಿಯವರೇ ನೇರವಾಗಿ ಮಾತ್ರೆಗೆ ದುಡ್ಡು ಕೊಡಲಿ, ಸಂಸ್ಥೆ ಕೈ ಹಚ್ಚುವುದು ಬೇಡ ಎಂದು ಸರ್ಕಾರ ಏರ್ಪಾಟು ಮಾಡಿತು. ಅದರ ಮೇಲೂ ಕೋರ್ಟು ಕಚೇರಿ ವರ್ಷಗಟ್ಟಲೆ ನಡೆದವು. ನಮ್ಮ ಆಫೀಸಿನ ನೀರು ಮಾತ್ರ ಒಮ್ಮೆಗೇ ಶುದ್ಧವಾಯಿತು. ನನ್ನ ಗಂಡನಿಗೆ ಲಿಸ್ಲ್‌ನಲ್ಲೇ ಕೆಲಸ ಸಿಕ್ಕಿ, ಶನಿವಾರಗಳು ಉಳಿದ ವಾರಗಳಂತೆಯೇ ಆದವು. ಸಿಸ್ಟರ್ ರೋಸ್ಮೇರಿ ತೀರಿಕೊಂಡು ಆರು ವರ್ಷವಾಯಿತು.

ಔಷಧದ ಅಂಗಡಿಯಿಂದ ಹೊರಗೆ ಬಂದವಳು ಕಾರಿನಲ್ಲಿ ಕೂತು ಮರೀಸಾಳಿಗೆ ಫೋನು ಮಾಡಿದೆ. ಕ್ರಿಸ್‌ಮಸ್ ಕಾರ್ಡು ಬಿಟ್ಟರೆ ನಮ್ಮ ನಡುವೆ ಮಾತಿಲ್ಲದೆ ಬಹಳ ವರ್ಷವಾಗಿತ್ತು. ಈಗ ಜೋಲಿಯೆಟ್ಟಿನ ಶಾಲೆಯೊಂದರ ಅಡುಗೆಮನೆ ನೋಡಿಕೊಳ್ಳುತ್ತಾಳೆ. ಹಳೆಯದನ್ನೆಲ್ಲ ಕನ್ನಡದಲ್ಲಿ ಬರೆಯಬೇಕೆಂದಿದ್ದೇನೆ, ನಿನ್ನ ವಿಷಯವೂ ಬರುತ್ತದೆ, ಬರೆಯಲೇ ಎಂದು ಕೇಳಿದೆ. ಫೋನು ಮಾಡಿ ಮಾಡಿ ಆ ರಿಪೋರ್ಟು ತರಿಸಿದ್ದನ್ನೂ ಬರೆಯುತ್ತೇನೆ ಎಂದೆ.

“ಅದು ನಿಮ್ಮ ಫೋನಿಂದ ಬರ್ಲಿಲ್ಲ,” ಎಂದಳು. “ಸಿಸ್ಟರ್ ನನ್ನನ್ನ ಕರ್ಕೊಂಡು ಹೋಗಿದ್ರು.”

“ಎಲ್ಲಿಗೆ?”

“ಸ್ಪೆಷಲಿಸ್ಟ್ ಹತ್ರ. ಅಪಾಯಿಂಟ್‌ಮೆಂಟೇ ಇರ್ಲಿಲ್ಲ. ಯಾರಾದ್ರೂ ಬರದೆ ಇದ್ರೆ ಆ ಜಾಗದಲ್ಲಿ ನಮ್ಮನ್ನ ನೋಡ್ಲಿ ಅಂತ ಬೆಳಿಗ್ಗೆ ಎಂಟಕ್ಕೇ ಹೋದ್ವಿ. ಸುತ್ತ ಎಲ್ಲ ಬಸುರಿಯರು. ತಲೆ ಮೇಲೆ ಬಟ್ಟೆ ಹಾಕ್ಕೊಂಡು ಸಿಸ್ಟರ್ ನಡುವಲ್ಲಿ. ಒಬ್ಬಳು ತುಂಬಿದ ಬಸುರಿ ಎದ್ದು ಅವರಿಗೆ ಜಾಗ ಕೊಡೋಕೆ ಬಂದ್ಲು. ಮಧ್ಯಾಹ್ನ ಎರಡು ಗಂಟೆವರೆಗೂ ಕೂತಿದ್ರು. ಫಾರಂನೂ ಅವರೇ ತುಂಬಿದ್ರು. ರೋಗಿಗೆ ಏನಾಗಬೇಕು ಅಂತ ಒಂದು ಕಾಲಂ ಇತ್ತು. ಅದರಲ್ಲಿ ‘ಯಜಮಾನಿ’ ಅಂತ ಬರೆದ್ರು.”

ಅಂಗಡಿಯ ಬಾಗಿಲಿನಿಂದ ರಾಮಸ್ವಾಮಿ ಅಂಕಲ್ ಹೊರಗೆ ಬಂದು, ನನ್ನ ಕಾರು ಕಂಡು, ಇನ್ನೊಂದು ದಾರಿ ಹಿಡಿದರು.

“ಇಷ್ಟು ವರ್ಷ ನನಗೇಕೆ ಹೇಳಲಿಲ್ಲ?” ಎಂದೆ.

“ಸಿಸ್ಟರೇ ಹೇಳಬೇಡ ಅಂದಿದ್ರು,” ಎಂದಳು ಮರೀಸಾ. “ಅವಳು ಒಳ್ಳೇಳು, ಆದ್ರೆ ಟಿವಿಗೆ ಹೇಳ್ತಾಳೆ ಅಂತ.”